ಬಾಲ ಯಾಕಿದೆ ಅಂತ ಯಾರೂ ಕೇಳಲಿಲ್ಲ: ಪಾತ್ರದ ರೇಸ್ ಮತ್ತು ಆಟದ ಲೋಕ

(ಟೇಬಲ್‌ಟಾಪ್ ಆಟ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಕಥೆ ಆಡುವ ಆಟ. ಅದರ ಆಟಗಾರರು ಸೇರಿದ್ದ ಕಡೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಒಂದೆರಡು ಕಡೆ ಬೆಳೆಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಒಮ್ಮೆ ಆರು ತಿಂಗಳು ಬೆಕ್ಕಿನ ಮುಖದ ಪಾತ್ರವೊಂದನ್ನು ಆಡಿದೆ. ಪಾತ್ರ ಯಾವ ಬಗೆಯ ಜನಕ್ಕೆ ಸೇರಿದ್ದು ಅನ್ನುವುದೇ ರೇಸ್; ಈ ರೇಸ್‌ಗೆ ಟಬಾಕ್ಸಿ ಅಂತಾರೆ. ಮೈತುಂಬ ಚುಕ್ಕೆ, ಉದ್ದ ಬಾಲ, ಗೋಡೆ ಹತ್ತುವ ಉಗುರು. ಪುಸ್ತಕದಲ್ಲಿ ಚಿತ್ರ ನೋಡಿದ ಕೂಡಲೇ ಮನಸೋತಿದ್ದೆ. ಆ ಕ್ಯಾಂಪೇನ್, ಅಂದರೆ ತಿಂಗಳುಗಟ್ಟಲೆ ಮುಂದುವರಿಯುವ ಒಂದೇ ಕಥೆ, ನಡೆಯುತ್ತಿದ್ದದ್ದು ದ್ವೀಪಗಳ ಒಂದು ಲೋಕದಲ್ಲಿ. ನಮ್ಮ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವರು) ಅದನ್ನು ತುಂಬ ಪ್ರೀತಿಯಿಂದ ಕಟ್ಟಿದ್ದರು. ಅಲ್ಲಿ ಮೂರೇ ಬಗೆಯ ಜನ: ಮನುಷ್ಯರು, ಬಹುಕಾಲ ಬದುಕುವ ಎಲ್ಫ್‌ಗಳು, ಗಿಡ್ಡ ಗಟ್ಟಿಮೈಯ ಡ್ವಾರ್ಫ್‌ಗಳು. ಈ ಮೂವರೂ ಹಿಂದೆ ಒಬ್ಬರಿಗೊಬ್ಬರು ಮಾಡಿದ ಮೋಸದ ಮೇಲೆ ಇಡೀ ಕಥೆ ನಿಂತಿತ್ತು. ನಾನು ಬೆಕ್ಕು ಆಡಲಾ ಅಂತ ಕೇಳಿದೆ. ಅವರು ಬೇಡ ಅನ್ನಲಿಲ್ಲ. "ಯಾವುದೋ ದೂರದ ದ್ವೀಪದಿಂದ ಬಂದವನು ಅಂತ ಇಟ್ಟುಕೊಳ್ಳೋಣ" ಅಂದರು.

ಆರು ತಿಂಗಳಲ್ಲಿ ಆ ಲೋಕದ ಒಬ್ಬ ಅಂಗಡಿಯವನೂ, ಒಬ್ಬ ಕಾವಲುಗಾರನೂ, ಒಂದು ಮಗುವೂ ನನ್ನ ಪಾತ್ರವನ್ನು "ನಿನಗೆ ಬಾಲ ಯಾಕಿದೆ?" ಅಂತ ಕೇಳಲಿಲ್ಲ.

ಮೊದಲು ನನಗೆ ಇದು ಗೊತ್ತಾಗಲೇ ಇಲ್ಲ. ಡೈಸ್ ಉರುಳಿಸುತ್ತಿದ್ದೆ, ಗೋಡೆ ಹತ್ತುತ್ತಿದ್ದೆ, ಖುಷಿಯಾಗಿದ್ದೆ. ಆಮೇಲೆ ಒಂದು ಸಂಜೆ ನಮ್ಮ ಪಾರ್ಟಿ, ಅಂದರೆ ಒಟ್ಟಿಗೆ ಹೊರಟ ಪಾತ್ರಗಳ ಗುಂಪು, ಒಂದು ಹಳೆಯ ಹಡಗಿನ ಅವಶೇಷ ಕಂಡಿತು. ಹಡಗಿನ ಹೆಸರು ಓದಿದ ಕೂಡಲೇ ಎಲ್ಫ್ ಆಡುತ್ತಿದ್ದವರ ಮುಖ ಬದಲಾಯಿತು. ಡ್ವಾರ್ಫ್ ಆಡುತ್ತಿದ್ದವರು ಕುರ್ಚಿ ಹಿಂದಕ್ಕೆ ತಳ್ಳಿದರು. ಆ ಹಡಗು ಮುಳುಗಿಸಿದ್ದು ಯಾರು ಅನ್ನುವುದರ ಮೇಲೆ ಅವರಿಬ್ಬರ ಪಾತ್ರಗಳು ಒಂದು ಗಂಟೆ ಜಗಳವಾಡಿದವು. ಆ ಕ್ಯಾಂಪೇನ್‌ನಲ್ಲೇ ಅಷ್ಟು ಒಳ್ಳೆಯ ಗಂಟೆ ಇನ್ನೊಂದಿಲ್ಲ. ನನ್ನ ಬೆಕ್ಕು ಪಕ್ಕದಲ್ಲಿ ನಿಂತಿತ್ತು. ಆ ಹಡಗಿನಲ್ಲಿ ಅದರ ಅಜ್ಜ ಸತ್ತಿರಲಿಲ್ಲ. ಆ ಹಡಗು ಮುಳುಗಿಸಿದವರಲ್ಲಿ ಅದರ ಬಂಧುಗಳೂ ಇರಲಿಲ್ಲ. ಹೇಳಲು ಅದಕ್ಕೆ ಏನೂ ಇರಲಿಲ್ಲ.

ಅವತ್ತು ಮನೆಗೆ ಹೋಗುವಾಗ ಬಹಳ ಹೊತ್ತು ಯೋಚಿಸಿದೆ. ಅಲ್ಲಿಂದ ಮುಂದೆ "ಈ ರೇಸ್ ಚೆನ್ನಾಗಿದೆಯಾ?" ಅಂತ ಕೇಳಿಕೊಳ್ಳುವುದನ್ನು ಬಿಟ್ಟೆ. ಈಗ ಕೇಳುವುದು ಒಂದೇ: ಈ ಲೋಕದಲ್ಲಿ ಇಂಥವರೊಬ್ಬರು ಬಾಗಿಲು ತಟ್ಟಿದರೆ, ಬಾಗಿಲು ತೆರೆದವರ ಮುಖ ಹೇಗಾಗುತ್ತದೆ? ಅದಕ್ಕೆ ಉತ್ತರ ಇದ್ದರೆ ಆ ರೇಸ್ ಆ ಲೋಕಕ್ಕೆ ಒಗ್ಗುತ್ತದೆ. ಮುಖ ಅರಳಲಿ, ಗಂಟಿಕ್ಕಲಿ, ಭಯದಿಂದ ಬಿಳಿಚಿಕೊಳ್ಳಲಿ, ಯಾವುದಾದರೂ ಸರಿ. ಏನೂ ಆಗದಿದ್ದರೆ ಮಾತ್ರ ತೊಂದರೆ.

ರೇಸ್ ಅನ್ನುವ ಪದದ ಬಗ್ಗೆ ಮೊದಲೇ ಒಂದು ಮಾತು. ಟೇಬಲ್‌ನಲ್ಲಿ ನಾವೆಲ್ಲ ಹಾಗೇ ಅನ್ನುತ್ತೇವೆ, ಇಲ್ಲೂ ಹಾಗೇ ಅನ್ನುತ್ತೇನೆ. ಆದರೆ ಆಟ ಬರೆಯುವವರು ಈ ಪದವನ್ನು ಬಿಡುತ್ತಿದ್ದಾರೆ. ಪಾತ್‌ಫೈಂಡರ್ ಅನ್ನುವ ಆಟದ ಎರಡನೇ ಆವೃತ್ತಿ 2019ರಲ್ಲಿ ಆನ್ಸೆಸ್ಟ್ರಿ (ವಂಶ) ಅಂದಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ 2024ರ ಆಟಗಾರರ ಪುಸ್ತಕದಲ್ಲಿ ಸ್ಪೀಷೀಸ್ (ಜೀವಿಜಾತಿ) ಅಂದಿತು. ನನಗೆ ಇದು ಸರಿ ಅನಿಸುತ್ತದೆ. ಒಂದು ಜನ ಪೂರ್ತಿ ಹುಟ್ಟಿನಿಂದಲೇ ದಡ್ಡರು, ಕ್ರೂರಿಗಳು ಅಂತ ಬರೆದಿಡುವ ಅಭ್ಯಾಸ ಹಳೆಯ ಪುಸ್ತಕಗಳಲ್ಲಿತ್ತು. ಅದು ಕಥೆಗೂ ಒಳ್ಳೆಯದು ಮಾಡಲಿಲ್ಲ, ಆಡುವವರಿಗೂ ಮಾಡಲಿಲ್ಲ. ನಾನು ಇವತ್ತು "ಲೋಕ ಇವರನ್ನು ಹೇಗೆ ನೋಡುತ್ತದೆ" ಅಂತ ಪದೇ ಪದೇ ಹೇಳುತ್ತೇನೆ. ಲೋಕ ನೋಡುವ ರೀತಿ ತಪ್ಪೂ ಆಗಿರಬಹುದು. ಆ ತಪ್ಪೇ ಎಷ್ಟೋ ಸಲ ಕಥೆಯ ಬೀಜ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಮನುಷ್ಯರ ಜೊತೆ ಎಲ್ಫ್, ಡ್ವಾರ್ಫ್ ಮತ್ತು ಒಂದು ಕುಳ್ಳ ಜನ, ಅಷ್ಟೇ ಇದ್ದದ್ದು. ಆ ಕುಳ್ಳರೇ ಮುಂದೆ ಹಾಫ್‌ಲಿಂಗ್ ಆದವರು. ಲೆವೆಲ್ ಅಂದರೆ ಪಾತ್ರ ಆಡುತ್ತಾ ಬಲವಾಗುವ ಮೆಟ್ಟಿಲು; ಮನುಷ್ಯ ಎಷ್ಟು ಲೆವೆಲ್ ಬೇಕಾದರೂ ಏರಬಹುದಿತ್ತು. ಡ್ವಾರ್ಫ್ 6ನೇ ಲೆವೆಲ್‌ಗೆ ನಿಲ್ಲಬೇಕು. ಕುಳ್ಳರು 4ಕ್ಕೇ. ಈಗ ಓದಿದರೆ ಅನ್ಯಾಯ ಅನಿಸುತ್ತದೆ, ಅಲ್ವಾ? ಆದರೆ ಅದು ನಿಯಮದ ವೇಷ ಹಾಕಿಕೊಂಡ ಲೋಕದ ವಿವರಣೆ. ಈ ಜಗತ್ತಿನಲ್ಲಿ ದೊಡ್ಡ ಕೋಟೆ ಕಟ್ಟುವವರು, ರಾಜ್ಯ ಆಳುವವರು ಮನುಷ್ಯರು; ಉಳಿದವರು ಅಂಚಿನಲ್ಲಿರುವವರು ಅಂತ ಅದು ಹೇಳುತ್ತಿತ್ತು.

ಅದೇ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಇನ್ನೊಂದು ಮಾತಿದೆ. ಆಟಗಾರ ಬಯಸಿದರೆ ಹೆಚ್ಚುಕಡಿಮೆ ಏನನ್ನಾದರೂ ಆಡಬಹುದು, ಡ್ರ್ಯಾಗನ್ ಕೂಡ ಆಗಬಹುದು. ಆದರೆ ಮರಿ ಡ್ರ್ಯಾಗನ್ ಆಗಿ, ದುರ್ಬಲನಾಗಿ ಶುರು ಮಾಡಬೇಕು. ಐದು ವರ್ಷದ ನಂತರ, 1979ರಲ್ಲಿ, ಅದೇ ಗೈಗ್ಯಾಕ್ಸ್ ಜಿಎಂಗಳಿಗಾಗಿ ಬರೆದ ಪುಸ್ತಕದಲ್ಲಿ ರಾಕ್ಷಸ ಜೀವಿಗಳನ್ನು ಆಡಲು ಬಿಡುವುದು ಯಾಕೆ ಕಷ್ಟ ಅಂತ ವಿವರವಾಗಿ ಹೇಳಿದರು. ಆಟದ ಲೋಕ ಮನುಷ್ಯರ ಸುತ್ತ ಇರಲಿ, ಯಾಕೆಂದರೆ ನಮಗೆಲ್ಲ ಅರ್ಥವಾಗುವುದು ಮನುಷ್ಯರು ಅನ್ನುವುದು ಅವರ ವಾದ. ಈ ಎರಡು ಮಾತು ಒಂದಕ್ಕೊಂದು ವಿರುದ್ಧ ಅಂತ ತುಂಬ ಜನ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮರಿ ಡ್ರ್ಯಾಗನ್ ಆಗಿ ಶುರು ಮಾಡು ಅನ್ನುವುದೂ ಲೋಕದೊಳಗೆ ನಿನಗೊಂದು ಜಾಗ ಹುಡುಕಿಕೋ ಅನ್ನುವ ಮಾತೇ.

ಅದೇ ಆಟದ 1981ರ ಬೇಸಿಕ್ ಸೆಟ್ ಇನ್ನೂ ಮುಂದೆ ಹೋಯಿತು. ಅದರಲ್ಲಿ ಎಲ್ಫ್ ಅನ್ನುವುದೇ ಒಂದು ಕ್ಲಾಸ್ (ಪಾತ್ರದ ಕಸುಬು). ಎಲ್ಲ ಎಲ್ಫ್‌ಗಳೂ ಕತ್ತಿ ಹಿಡಿದು ಮಂತ್ರ ಹಾಕುವವರೇ. 2000ದ ಮೂರನೇ ಆವೃತ್ತಿ ಬರುವಾಗ ಲೆವೆಲ್ ಮಿತಿಗಳೆಲ್ಲ ಹೋದವು. ಅದು ಹೋದದ್ದು ಒಳ್ಳೆಯದೇ. ಆದರೆ ಆ ಮಿತಿಗಳು ಮಾಡುತ್ತಿದ್ದ ಒಂದು ಕೆಲಸ ಈಗ ನಮ್ಮ ಮೇಲೆ ಬಿದ್ದಿದೆ. ಈ ಲೋಕದಲ್ಲಿ ಇವರು ಯಾರು ಅಂತ ನಿಯಮ ಹೇಳುವುದಿಲ್ಲ. ನಾವೇ ಕೇಳಿ ತಿಳಿದುಕೊಳ್ಳಬೇಕು.

ಕೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಾಫ್‌ಲಿಂಗ್‌ಗಳನ್ನೇ ನೋಡಿ. ಹೆಸರು ಕೇಳಿದ ಕೂಡಲೇ ನಮಗೆ ಹಸಿರು ಗುಡ್ಡ, ಬೆಚ್ಚಗಿನ ಒಲೆ, ಊಟಪ್ರಿಯ ಜನ ನೆನಪಾಗುತ್ತಾರೆ. ಅದೇ ಆಟಕ್ಕಾಗಿ 1991ರಲ್ಲಿ ಬಂದ ಡಾರ್ಕ್ ಸನ್ ಲೋಕಕ್ಕೆ ಆ ಕಲ್ಪನೆ ಹೊತ್ತು ಹೋದರೆ ಕಷ್ಟ. ಅಲ್ಲಿ ಹಾಫ್‌ಲಿಂಗ್‌ಗಳು ಕಾಡಿನ ಜನ, ಸಿಕ್ಕಿದ ಮನುಷ್ಯರನ್ನು ತಿನ್ನುವವರು. 2004ರ ಎಬೆರಾನ್ ಲೋಕಕ್ಕೆ ಹೋದರೆ ಅವರು ಬಯಲಿನಲ್ಲಿ ಡೈನೋಸಾರ್ ಸವಾರಿ ಮಾಡುವ ಅಲೆಮಾರಿಗಳು. ಡ್ರ್ಯಾಗನ್‌ಲ್ಯಾನ್ಸ್ ಲೋಕದಲ್ಲಿ ಹಾಫ್‌ಲಿಂಗ್‌ಗಳೇ ಇಲ್ಲ. ಅವರ ಜಾಗದಲ್ಲಿ ಕೆಂಡರ್ ಇದ್ದಾರೆ, ಭಯ ಅಂದರೆ ಏನು ಅಂತಲೇ ಗೊತ್ತಿಲ್ಲದ ಜನ. ಕ್ಯಾರೆಕ್ಟರ್ ಶೀಟ್‌ನಲ್ಲಿ (ಪಾತ್ರದ ವಿವರದ ಹಾಳೆಯಲ್ಲಿ) ಬರೆಯುವುದು ಎರಡು ಇಂಚಿನ ಒಂದು ಹೆಸರು. ಆದರೆ ಅದೇ ಹೆಸರಿನವನು ಬಾಗಿಲು ತಟ್ಟಿದರೆ ಒಂದು ಲೋಕದಲ್ಲಿ ಊಟಕ್ಕೆ ಕರೆಯುತ್ತಾರೆ, ಇನ್ನೊಂದರಲ್ಲಿ ಮಕ್ಕಳನ್ನು ಒಳಗೆ ಎಳೆದುಕೊಂಡು ಚಿಲಕ ಹಾಕುತ್ತಾರೆ.

ಓರ್ಕ್ ಕಥೆ ಇದಕ್ಕಿಂತ ಚೆನ್ನಾಗಿದೆ. ಹಲವು ಲೋಕಗಳಲ್ಲಿ ಓರ್ಕ್ ಅಂದರೆ ಊರಿಗೆ ಬೆಂಕಿ ಹಚ್ಚಲು ಬರುವ ದಂಡು. ಎಬೆರಾನ್‌ನಲ್ಲಿ ಬೇರೆ ಲೋಕದ ಭೀಕರ ಜೀವಿಗಳು ಒಳನುಗ್ಗದಂತೆ ಸಾವಿರಾರು ವರ್ಷ ಕಾವಲು ಕಾದವರಲ್ಲಿ ಓರ್ಕ್ ಡ್ರೂಯಿಡ್‌ಗಳೇ (ಪ್ರಕೃತಿಯ ಪೂಜಾರಿಗಳೇ) ಮುಂಚೂಣಿಯವರು. ಷಾಡೋರನ್ ಅನ್ನುವ ಆಟ 1989ರಲ್ಲಿ ಬಂತು. ಅದರ ಕಥೆಯ ಪ್ರಕಾರ 2011ರಲ್ಲಿ ಭೂಮಿಗೆ ಮಾಂತ್ರಿಕ ಶಕ್ತಿ ಮರಳುತ್ತದೆ, ಮನುಷ್ಯ ತಾಯಂದಿರಿಗೆ ಎಲ್ಫ್ ಮತ್ತು ಡ್ವಾರ್ಫ್ ಮಕ್ಕಳು ಹುಟ್ಟತೊಡಗುತ್ತವೆ. 2021ರಲ್ಲಿ ಸಾಮಾನ್ಯ ಜನ ಇದ್ದಕ್ಕಿದ್ದಂತೆ ಓರ್ಕ್, ದೈತ್ಯ ಮೈಯ ಟ್ರೋಲ್ ಆಗಿ ಬದಲಾಗುತ್ತಾರೆ. ಅಂದರೆ ಆ ಲೋಕದ ಓರ್ಕ್‌ಗೆ ಮನುಷ್ಯ ತಾಯಿ ಇರಬಹುದು, ಮನುಷ್ಯ ತಂಗಿ ಇರಬಹುದು. ಅವನ ಹಾಸಿಗೆ, ಅವನ ಕೆಲಸ, ಅವನ ಗೆಳತಿ ಎಲ್ಲ ಮೊದಲಿನದೇ. ಮುಖ ಮಾತ್ರ ಬೇರೆ. ಷಾಡೋರನ್‌ನಲ್ಲಿ ಓರ್ಕ್ ಆಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಮರುದಿನ ಬೆಳಿಗ್ಗೆ ನಿನ್ನ ಅಮ್ಮ ನಿನ್ನನ್ನು ಹೇಗೆ ನೋಡಿದರು? ಅದಕ್ಕೆ ಉತ್ತರ ಬಂದ ಕೂಡಲೇ ಪಾತ್ರ ಅರ್ಧ ತಯಾರಾಗಿಬಿಡುತ್ತದೆ.

ಹೀಗೆ ಕೇಳಲು ಶುರು ಮಾಡಿದ ಮೇಲೆ ನನಗೆ ತುಂಬ ಉಪಯೋಗಕ್ಕೆ ಬಂದದ್ದು ವಯಸ್ಸು. ಶೀಟ್‌ನಲ್ಲಿ ವಯಸ್ಸಿನ ಜಾಗವನ್ನು ನಾವು ಸುಮ್ನೆ ತುಂಬಿಬಿಡುತ್ತೇವೆ. ಅದು ಚಿನ್ನದ ಗಣಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಎಲ್ಫ್ 750 ವರ್ಷದವರೆಗೆ ಬದುಕಬಹುದು. ಡ್ವಾರ್ಫ್ ಸುಮಾರು 350 ವರ್ಷ. ಹಾಫ್‌ಲಿಂಗ್ 150ರ ಹತ್ತಿರ. ಹಕ್ಕಿ ರೂಪದ ಆರಕೋಕ್ರಾ 30 ವರ್ಷ ಬದುಕಿದರೆ ಹೆಚ್ಚು. ಅದೇ ಟೇಬಲ್‌ನಲ್ಲಿ ಎಲ್ಫ್ ಮತ್ತು ಆರಕೋಕ್ರಾ ಗೆಳೆಯರು ಅಂದುಕೊಳ್ಳಿ. ಎಲ್ಫ್‌ಗೆ ಈ ಗೆಳೆತನ ಒಂದು ಮಳೆಗಾಲದಷ್ಟು ಚಿಕ್ಕದು.

ಈಗ ಇದನ್ನು ಲೋಕದ ಇತಿಹಾಸದ ಪಕ್ಕ ಇಡಿ. ಎಬೆರಾನ್‌ನಲ್ಲಿ ಕೊನೆಯ ಯುದ್ಧ 102 ವರ್ಷ ನಡೆದು, ಅಲ್ಲಿನ ಲೆಕ್ಕದ 996ನೇ ವರ್ಷದಲ್ಲಿ ಮುಗಿಯುತ್ತದೆ. ಆಟ ಸಾಮಾನ್ಯವಾಗಿ ಶುರುವಾಗುವುದು 998ರಲ್ಲಿ. ವಾರ್‌ಫೋರ್ಜ್ಡ್ ಅನ್ನುವ, ಮರ ಮತ್ತು ಲೋಹದಿಂದ ಮಾಡಿದ ಜೀವಿಗಳನ್ನು ಆ ಯುದ್ಧಕ್ಕಾಗಿಯೇ ತಯಾರಿಸಿದ್ದು. ಅವರಲ್ಲಿ ಅತಿ ಹಿರಿಯನಿಗೂ ಮೂವತ್ತು ಚಿಲ್ಲರೆ ವರ್ಷ. ಯುದ್ಧ ಮುಗಿಸಿದ ಒಪ್ಪಂದವೇ ಅವರನ್ನು ಸ್ವತಂತ್ರರು ಅಂತ ಒಪ್ಪಿಕೊಂಡಿತು, ಅವರನ್ನು ತಯಾರಿಸುವ ಕುಲುಮೆಗಳನ್ನು ನಾಶ ಮಾಡಲು ಹೇಳಿತು. ಸ್ವಾತಂತ್ರ್ಯವೂ ವಂಶದ ಕೊನೆಯೂ ಒಂದೇ ಕಾಗದದಲ್ಲಿ ಬಂದವು. ಒಂದೇ ಪಾರ್ಟಿಯಲ್ಲಿ ಯುದ್ಧಕ್ಕೆ ಮೊದಲಿನ ರಾಜ್ಯವನ್ನು ಕಣ್ಣಾರೆ ಕಂಡ ಎಲ್ಫ್, ಯುದ್ಧದಲ್ಲೇ ಹುಟ್ಟಿ ಬೆಳೆದ ಮನುಷ್ಯ, ಯುದ್ಧಕ್ಕಾಗಿಯೇ ಮಾಡಲಾದ ವಾರ್‌ಫೋರ್ಜ್ಡ್ ಇದ್ದಾರೆ ಅನ್ನಿ. "ಈಗ ಶಾಂತಿ ಬಂದಿದೆಯಲ್ಲ" ಅಂತ ಯಾರಾದರೂ ಅಂದರೆ, ಈ ಮೂವರೂ ಆ ಮಾತನ್ನು ಮೂರು ರೀತಿ ಕೇಳಿಸಿಕೊಳ್ಳುತ್ತಾರೆ. ಜಿಎಂ ಏನೂ ಮಾಡಬೇಕಿಲ್ಲ. ಲೋಕವೇ ಕೆಲಸ ಮಾಡುತ್ತದೆ.

ಹಾಗಾಗಿ ನಾನು ಮಾಡುವ ಒಂದು ಚಿಕ್ಕ ಕೆಲಸ ಹೇಳುತ್ತೇನೆ. ಲೋಕದ ಮೂರು ದೊಡ್ಡ ಘಟನೆ ಯಾವುವು ಅಂತ ಜಿಎಂ ಹತ್ತಿರ ಕೇಳುತ್ತೇನೆ. ಪ್ರತಿಯೊಂದು ಎಷ್ಟು ವರ್ಷ ಹಿಂದೆ ಆಯಿತು ಅಂತ ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿ ನನ್ನ ಪಾತ್ರದ ವಯಸ್ಸು. ಪಾತ್ರ ಕಣ್ಣಾರೆ ಕಂಡದ್ದು ಯಾವುದು, ಅಜ್ಜಿ ಹೇಳಿದ ಕಥೆ ಯಾವುದು ಅಂತ ಗೊತ್ತಾದರೆ ಸಾಕು. ಎರಡು ಪುಟದ ಬ್ಯಾಕ್‌ಸ್ಟೋರಿಗಿಂತ ಇದು ಜಾಸ್ತಿ ಕೊಡುತ್ತದೆ.

ಆಮೇಲೆ ಮೈ. ರೇಸ್ ಅನ್ನುವುದು ಬರೀ ಇತಿಹಾಸ ಅಲ್ಲವಲ್ಲ, ಅದಕ್ಕೊಂದು ಮೈ ಇದೆ. ಅದು ಲೋಕದ ಕಷ್ಟಗಳನ್ನು ಮುಟ್ಟುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆಟಗಾರರ ಪುಸ್ತಕದಲ್ಲಿ 9 ರೇಸ್‌ಗಳಿದ್ದವು. ಅವುಗಳಲ್ಲಿ 6ಕ್ಕೆ ಕತ್ತಲಲ್ಲಿ 60 ಅಡಿಯವರೆಗೆ ಕಾಣುವ ಡಾರ್ಕ್‌ವಿಷನ್ ಇತ್ತು. ಮನುಷ್ಯ, ಹಾಫ್‌ಲಿಂಗ್, ಡ್ರ್ಯಾಗನ್‌ಬಾರ್ನ್ ಮೂವರಿಗೆ ಮಾತ್ರ ಇಲ್ಲ. ಜಿಎಂ ಕತ್ತಲಿನ ಭಯವೇ ಬಂಡವಾಳವಾಗಿರುವ ಗುಹೆಯ ಕ್ಯಾಂಪೇನ್ ಬರೆದಿದ್ದಾರೆ ಅಂದುಕೊಳ್ಳಿ. ಐದೂ ಜನ ಕತ್ತಲಲ್ಲಿ ಕಾಣುವವರೇ ಆದರೆ ಪಂಜು ಆರಿದಾಗ ಯಾರ ಎದೆಯೂ ಝಲ್ ಅನ್ನುವುದಿಲ್ಲ. ಅದೇ ಟೇಬಲ್‌ನಲ್ಲಿ ಒಬ್ಬರು ಮನುಷ್ಯರನ್ನು ಆರಿಸಿಕೊಂಡರೆ ಪಂಜಿಗೆ ಬೆಲೆ ಬರುತ್ತದೆ. ಅಂದ ಹಾಗೆ, ಡಾರ್ಕ್‌ವಿಷನ್‌ನಲ್ಲಿ ಪೂರ್ತಿ ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ಎಲ್ಲ ಬೂದು. ಎಷ್ಟೋ ಟೇಬಲ್‌ಗಳು ಇದನ್ನು ಮರೆತುಬಿಡುತ್ತವೆ. ನೆಲದ ಮೇಲೆ ಬಿದ್ದಿರುವುದು ಕೆಸರೋ ರಕ್ತವೋ ಅಂತ ಎಲ್ಫ್‌ಗೆ ಗೊತ್ತಾಗುವುದಿಲ್ಲ. ಪಂಜು ಹಿಡಿದ ಮನುಷ್ಯನಿಗೆ ಗೊತ್ತಾಗುತ್ತದೆ.

ಹಾರುವವರ ವಿಷಯವೂ ಹೀಗೇ. 2015ರ ನಿಯಮದಲ್ಲಿ ಆರಕೋಕ್ರಾ ಒಂದು ಸರದಿಯಲ್ಲಿ 50 ಅಡಿ ಹಾರಬಲ್ಲದು. ಮನುಷ್ಯ ನಡೆಯುವುದು 30 ಅಡಿ. ಮೊದಲ ಲೆವೆಲ್‌ನಲ್ಲೇ ಪ್ರಪಾತ, ಗುಂಡಿ, ಗೋಡೆ ಯಾವುದೂ ಅಡ್ಡಿಯಲ್ಲ. 2022ರಲ್ಲಿ ಅದನ್ನು ನಡಿಗೆಯ ವೇಗಕ್ಕೇ ಇಳಿಸಿದರು. ಇದನ್ನು ಬರೀ ಬ್ಯಾಲೆನ್ಸ್ (ಪಾತ್ರಗಳ ಬಲ ಸರಿಸಮ ಇರುವುದು) ಪ್ರಶ್ನೆ ಅಂತ ಮಾತಾಡುವವರೇ ಜಾಸ್ತಿ. ನನಗೆ ಅದು ಲೋಕದ ಪ್ರಶ್ನೆ. ಹಾರುವ ಜನ ಇರುವ ಲೋಕದಲ್ಲಿ ಕೋಟೆಯ ಅಂಗಳಕ್ಕೆ ಮೇಲೆ ಬಲೆ ಕಟ್ಟಿರುತ್ತಾರೆ. ಕಾವಲುಗಾರರು ಆಗಾಗ ಆಕಾಶ ನೋಡುತ್ತಿರುತ್ತಾರೆ. ಸೆರೆಮನೆಗೆ ಗಟ್ಟಿ ಚಾವಣಿ ಇರುತ್ತದೆ. ಇವೆಲ್ಲ ಇರುವ ಕಡೆ ಹಕ್ಕಿ ಜನ ಆಡುವುದು ಸೊಗಸು. ಇವು ಯಾವುದೂ ಇಲ್ಲದ ಲೋಕದಲ್ಲಿ ಹಾರಿದರೆ, ಪಾಪ, ಯಾರೂ ಯೋಚಿಸಿರದ ಒಂದು ತೂತಿನಿಂದ ನುಗ್ಗಿದ ಹಾಗೆ.

ಡಾರ್ಕ್ ಸನ್ ಬಗ್ಗೆ ಮಾತಾಡಲು ನನಗೆ ಯಾವತ್ತೂ ಆಸೆ. ರೇಸ್ ಮತ್ತು ಲೋಕ ಒಂದಕ್ಕೊಂದು ಹೆಣೆದುಕೊಂಡದ್ದನ್ನು ಅದರಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಸೆಟ್ಟಿಂಗ್ ನಾನು ಕಂಡಿಲ್ಲ. ಮಂತ್ರ ಹಾಕಿದರೆ ಸುತ್ತಲಿನ ಗಿಡಗಳು ಬೂದಿಯಾಗುವ ಲೋಕ ಅದು. ಹಾಗೇ ಸುಟ್ಟು ಸುಟ್ಟು ಮರುಭೂಮಿ ಆಗಿದೆ. ಲೋಹ ಅಪರೂಪ, ನೀರಿಗೆ ಅದಕ್ಕಿಂತ ಬೆಲೆ. ಅಲ್ಲಿ ಮೂಲ್ ಅನ್ನುವ ರೇಸ್ ಇದೆ. ಡ್ವಾರ್ಫ್ ಮತ್ತು ಮನುಷ್ಯರಿಗೆ ಹುಟ್ಟಿದವರು, ದುಡಿಮೆಗೆ ಮತ್ತು ಕಾಳಗಕ್ಕೆ ಅಂತ ಒಡೆಯರು ಲೆಕ್ಕ ಹಾಕಿ ಹುಟ್ಟಿಸಿದ ಗುಲಾಮರು. ಅವರಿಗೆ ಮಕ್ಕಳಾಗುವುದಿಲ್ಲ. ಮೂಲ್ ಆಡುತ್ತೇನೆ ಅಂದ ಕೂಡಲೇ ಯಾರ ಗುಲಾಮ, ಹೇಗೆ ತಪ್ಪಿಸಿಕೊಂಡೆ, ಹುಡುಕುತ್ತಿರುವವರು ಯಾರು ಅಂತ ಮೂರು ಪ್ರಶ್ನೆ ತಾವಾಗಿಯೇ ಬಂದು ನಿಲ್ಲುತ್ತವೆ.

ಥ್ರೀ-ಕ್ರೀನ್ ಅಲ್ಲಿನ ಇನ್ನೊಂದು ಜನ. ಸೂರ್ಯನ ಕುದುರೆ ಹುಳುವಿನ ಹಾಗಿರುವವರು. ನಿದ್ದೆ ಮಾಡುವುದಿಲ್ಲ. ಎಲ್ಫ್ ಮಾಂಸ ಅಂದರೆ ಅವರಿಗೆ ಬಾಯಲ್ಲಿ ನೀರೂರುತ್ತದೆ ಅಂತ ಹೆಸರು. ಎಲ್ಫ್‌ಗಳೋ, ಮರುಭೂಮಿಯಲ್ಲಿ ದಿನಗಟ್ಟಲೆ ಓಡಬಲ್ಲ, ಬೇರೆಯವರು ಯಾರೂ ನಂಬದ ಅಲೆಮಾರಿಗಳು. ಈ ಇಬ್ಬರೂ ಒಂದೇ ಪಾರ್ಟಿಯಲ್ಲಿದ್ದಾರೆ ಅಂದುಕೊಳ್ಳಿ. ರಾತ್ರಿಯ ಕಾವಲಿಗೆ ನಿದ್ದೆ ಬಾರದ ಥ್ರೀ-ಕ್ರೀನ್‌ಗಿಂತ ಯೋಗ್ಯರು ಯಾರು? ಆ ಕಾವಲಿನಲ್ಲಿ ಎಲ್ಫ್ ಕಣ್ಣು ಮುಚ್ಚಬೇಕು. ನಾನು ಆಡಿದ ಟೇಬಲ್‌ನಲ್ಲಿ ಆ ಎಲ್ಫ್ ಮೊದಲ ಬಾರಿ ನಿಶ್ಚಿಂತೆಯಿಂದ ಮಲಗಿದ ರಾತ್ರಿ ಯಾರೂ ಮಾತಾಡಲಿಲ್ಲ. ಆ ಗೆಳೆತನದ ಬಗ್ಗೆ ಒಂದು ಸಂಭಾಷಣೆಯೂ ಬೇಕಾಗಲಿಲ್ಲ.

ಇನ್ನು ಅಲ್ಲಿ ಇಲ್ಲದವರ ಬಗ್ಗೆ. ಡಾರ್ಕ್ ಸನ್‌ನಲ್ಲಿ ನೋಮ್ (ಇನ್ನೊಂದು ಕುಳ್ಳ ಜನ) ಇಲ್ಲ, ಓರ್ಕ್ ಇಲ್ಲ. ಹಿಂದೆ ಇದ್ದರು. ಒಂದೊಂದು ಜನವನ್ನೂ ಹುಡುಕಿ ಹುಡುಕಿ ಅಳಿಸಿದ ಯುದ್ಧಗಳು ನಡೆದವು, ಅದನ್ನು ಮಾಡಿದವರೇ ಈಗ ನಗರಗಳನ್ನು ಆಳುತ್ತಿದ್ದಾರೆ. ಆ ಲೋಕದಲ್ಲಿ ನೋಮ್ ಆಡಬೇಡಿ ಅಂತ ಜಿಎಂ ಹೇಳಿದರೆ ಅದು ಹಠ ಅಲ್ಲ. ನೋಮ್ ಇಲ್ಲದಿರುವುದೇ ಅಲ್ಲಿನ ಇತಿಹಾಸ. "ಒಬ್ಬನೇ ಒಬ್ಬ ಉಳಿದಿದ್ದ ಅಂತ ಮಾಡೋಣ" ಅಂದರೆ ಮಾಡಬಹುದು. ಆದರೆ ಅಲ್ಲಿಂದ ಮುಂದೆ ಇಡೀ ಕ್ಯಾಂಪೇನ್ ಆ ಒಬ್ಬ ನೋಮ್‌ನದೇ ಆಗುತ್ತದೆ, ಆಗಲೇಬೇಕು. ಉಳಿದ ನಾಲ್ವರು ಅದಕ್ಕೆ ಒಪ್ಪಿದ್ದಾರಾ ಅಂತ ಮೊದಲು ಕೇಳಬೇಕು. 1981ರ ಕಾಲ್ ಆಫ್ ಕ್ತುಲು ಅನ್ನುವ ಭಯದ ಆಟದಲ್ಲಿ ಎಲ್ಲರೂ ಮನುಷ್ಯರೇ. ಅಲ್ಲಿ ಯಾರೂ ಎಲ್ಫ್ ಕೇಳುವುದಿಲ್ಲ. ಮನುಷ್ಯ ಎಷ್ಟು ಚಿಕ್ಕವನು ಅನ್ನುವುದೇ ಆ ಆಟದ ವಿಷಯ ಅಂತ ಎಲ್ಲರಿಗೂ ಗೊತ್ತು.

ನನ್ನ ಬೆಕ್ಕಿನ ವಿಷಯಕ್ಕೆ ವಾಪಸ್ ಬರುತ್ತೇನೆ. ನಮ್ಮ ಜಿಎಂ ಬೇಡ ಅನ್ನಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ಒಂದು ಪ್ರಶ್ನೆ ಮುಂದೆ ಹೋಗಬೇಕಿತ್ತು. ನನಗೆ ನಿಜವಾಗಿ ಬೇಕಾಗಿದ್ದು ಏನು? ಗೋಡೆ ಹತ್ತುವುದು ಬೇಕಿತ್ತು ಅಂದರೆ ಹಡಗಿನ ಕೂವೆಮರ ಹತ್ತಿ ಬೆಳೆದ ಮನುಷ್ಯ ಹುಡುಗ ಸಾಕಿತ್ತು. ಹೊರಗಿನವನಾಗುವ ಆಸೆ ಅಂದರೆ ತನ್ನ ದ್ವೀಪದಿಂದ ಹೊರಹಾಕಲ್ಪಟ್ಟ ಎಲ್ಫ್ ಆಗಬಹುದಿತ್ತು. ಆಗ ಆ ಹಡಗಿನ ಮುಂದೆ ನಿಂತು ನನಗೂ ಹೇಳಲು ಏನಾದರೂ ಇರುತ್ತಿತ್ತು. ಇಲ್ಲ, ಬಾಲವೇ ಬೇಕು, ಬೆಕ್ಕೇ ಬೇಕು ಅಂದರೆ ಅದೂ ತಪ್ಪಲ್ಲ. ಆಗ ಇಬ್ಬರೂ ಒಂದು ಸಂಜೆ ಕೂತು ಆ ದೂರದ ದ್ವೀಪವನ್ನು ಕಟ್ಟಬೇಕಿತ್ತು. ಆ ದ್ವೀಪದವರು ಈ ಮೂವರಲ್ಲಿ ಯಾರ ಜೊತೆ ವ್ಯಾಪಾರ ಮಾಡಿದ್ದರು? ಯಾರು ಅವರಿಗೆ ಕೊಟ್ಟ ಮಾತು ಮುರಿದಿದ್ದರು? ಒಂದೇ ಒಂದು ಹಳೆಯ ಸಾಲ ಸಾಕಿತ್ತು, ನನ್ನ ಬೆಕ್ಕು ಆ ಲೋಕದ್ದಾಗಲು.

ಅಂಕೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಿಲ್ಲುಗಾರ ಬೇಕು, ಹಾಗಾಗಿ ಎಲ್ಫ್. ಗದೆ ಬೀಸಬೇಕು, ಹಾಗಾಗಿ ಹಾಫ್-ಓರ್ಕ್ ಅಂತ ಆರಿಸುವ ಕಾಲವಿತ್ತು. ಶಕ್ತಿ, ಚುರುಕುತನದ ಬೋನಸ್ ರೇಸ್‌ಗೆ ಅಂಟಿಕೊಂಡಿತ್ತು. 2020ರಲ್ಲಿ ಆ ಬೋನಸ್ ಬೇಕಾದ ಕಡೆ ಹಾಕಿಕೊಳ್ಳಲು ಬಿಟ್ಟರು. 2024ರಲ್ಲಿ ಅದನ್ನು ಬ್ಯಾಕ್‌ಗ್ರೌಂಡ್‌ಗೇ (ಪಾತ್ರದ ಹಿಂದಿನ ಬದುಕಿಗೇ) ಕೊಟ್ಟರು. ಈಗ ಅಂಕೆಗಾಗಿ ಮನಸ್ಸಿಲ್ಲದ ರೇಸ್ ಆರಿಸುವ ಒತ್ತಾಯ ಹೆಚ್ಚಾಗಿ ಇಲ್ಲ.

ಇನ್ನೊಂದು ಅಭ್ಯಾಸದ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಎಲ್ಲರಿಗೂ ಒಂಟಿಯಾಗುವ ಆಸೆ. ತನ್ನ ಜನರಿಂದ ತಪ್ಪಿಸಿಕೊಂಡ ಒಳ್ಳೆಯ ಡ್ರೌ (ನೆಲದಡಿಯ ಎಲ್ಫ್), ತನ್ನ ಬಣದವರು ಹೊರದೂಡಿದ ಓರ್ಕ್, ಊರಿನಲ್ಲಿ ಏಕೈಕ ಟೀಫ್ಲಿಂಗ್ (ಕೊಂಬಿರುವ, ದೆವ್ವದ ರಕ್ತದವರು). ಒಬ್ಬರು ಹಾಗಿದ್ದರೆ ಚೆಂದ. ಐದೂ ಜನ ಹಾಗಿದ್ದರೆ ಆ ಲೋಕಕ್ಕೆ ಸೇರಿದವರು ಪಾರ್ಟಿಯಲ್ಲಿ ಒಬ್ಬರೂ ಇಲ್ಲ. ಯಾವುದು ರೂಢಿ ಅಂತ ತೋರಿಸುವವರಿಲ್ಲದಿದ್ದರೆ ರೂಢಿ ಮೀರಿದವನು ಹೇಗೆ ಎದ್ದು ಕಾಣುತ್ತಾನೆ? ಅದಕ್ಕೆ ನಾನು ಹೇಳುವುದು: ಪಾರ್ಟಿಯಲ್ಲಿ ಇಬ್ಬರಾದರೂ ಒಂದೇ ಜನದವರಾಗಿ. ಇಬ್ಬರು ಡ್ವಾರ್ಫ್‌ಗಳು ಇದ್ದಾರೆ ಅನ್ನಿ. ಸತ್ತವರನ್ನು ಕಲ್ಲಿನಡಿ ಹೂಳಬೇಕೋ, ಕುಲುಮೆಗೆ ಕೊಡಬೇಕೋ ಅಂತ ಅವರು ವಾದಿಸಿದರೆ ಟೇಬಲ್‌ನಲ್ಲಿರುವ ಎಲ್ಲರಿಗೂ ಡ್ವಾರ್ಫ್ ಜೀವನ ಕಣ್ಣಿಗೆ ಕಟ್ಟುತ್ತದೆ. ಒಬ್ಬನೇ ಡ್ವಾರ್ಫ್ ಇದ್ದರೆ ಅವನು ಮಾಡಿದ್ದೆಲ್ಲ ಡ್ವಾರ್ಫ್ ಪದ್ಧತಿ ಆಗಿಬಿಡುತ್ತದೆ. ವಾದ ಮಾಡುವವರೇ ಇಲ್ಲ.

ಮನುಷ್ಯರನ್ನು ಆಡುವವರನ್ನು ದಯವಿಟ್ಟು ಕಲ್ಪನೆ ಇಲ್ಲದವರು ಅನ್ನಬೇಡಿ. ಉಳಿದವರು ಎಷ್ಟು ಬೇರೆ ಅಂತ ಗೊತ್ತಾಗುವುದು ಅವರಿಂದಲೇ.

ನನ್ನ ಮಾತು ಇಷ್ಟಕ್ಕೆ ಮುಗಿದಿತ್ತು. ಆಮೇಲೆ ಒಬ್ಬರು ಎದ್ದು ಕೇಳಿದರು: "ಹೊಸದಾಗಿ ಬಂದವರು ಲೋಕದ ಬಗ್ಗೆ ಇಷ್ಟೆಲ್ಲ ಓದುವುದು ಹೇಗೆ? ಅವರಿಗೆ ಡೈಸ್ ಹೆಸರೇ ಗೊತ್ತಿರುವುದಿಲ್ಲ."

ಅವರು ಓದಬೇಕಿಲ್ಲ ಅಂದೆ. ಸೆಷನ್ ಜೀರೋದಲ್ಲಿ, ಅಂದರೆ ಆಟಕ್ಕೆ ಮೊದಲು ಎಲ್ಲರೂ ಕೂತು ಮಾತಾಡುವ ದಿನ, ಜಿಎಂ ಪ್ರತಿ ರೇಸ್‌ಗೆ ಮೂರು ವಾಕ್ಯ ಹೇಳಿದರೆ ಸಾಕು. ಇವರನ್ನು ಕಂಡರೆ ಯಾರಿಗೆ ಆಗುವುದಿಲ್ಲ. ಇವರು ಏನು ಹೇಳಿದರೂ ನಂಬುವವರು ಯಾರು. ಇವರು ಸತ್ತರೂ ಮಾಡದ ಕೆಲಸ ಯಾವುದು. ಹೊಸಬರು ಚಿತ್ರ ನೋಡಿ ಆರಿಸುವುದಕ್ಕಿಂತ ಇದನ್ನು ಕೇಳಿ ಆರಿಸಿದರೆ ಮೊದಲ ದಿನವೇ ಮಾತಾಡಲು ಶುರು ಮಾಡುತ್ತಾರೆ. ನಾನು ನೋಡಿದ್ದೇನೆ. ಮೂರನೆಯ ವಾಕ್ಯ ತುಂಬ ಮುಖ್ಯ. ಏನು ಮಾಡುವುದಿಲ್ಲ ಅಂತ ಗೊತ್ತಿರುವ ಪಾತ್ರ ತಾನಾಗಿಯೇ ನಡೆಯುತ್ತದೆ.

ಇನ್ನೊಬ್ಬರ ಪ್ರಶ್ನೆ ಸ್ವಲ್ಪ ಬೇಸರದಿಂದ ಬಂದದ್ದು. "ಕೊನೆಗೆ ಇದು ಆಟ ತಾನೇ? ಆಡುವವರ ಖುಷಿ ದೊಡ್ಡದಾ, ಲೋಕ ದೊಡ್ಡದಾ?" ಅಂತ ಕೇಳಿದರು. ಖುಷಿಯೇ ದೊಡ್ಡದು ಅಂತ ಹೇಳಿದೆ. ಆಮೇಲೆ ಅವರಿಗೆ ಒಂದು ಆಟದ ಕಥೆ ಹೇಳಿದೆ. ಅದನ್ನು ಇಲ್ಲೂ ಬರೆಯುತ್ತೇನೆ.

ಡಾರ್ಕ್ ಸನ್‌ನ ಡ್ವಾರ್ಫ್‌ಗಳಿಗೆ ಗಡ್ಡ ಇಲ್ಲ, ಮೈಮೇಲೆ ಒಂದು ಕೂದಲೂ ಇಲ್ಲ. ಅವರಿಗೆ ಇರುವುದು ಫೋಕಸ್. ಅಂದರೆ ಹಿಡಿದ ಒಂದು ಕೆಲಸ, ಅದಕ್ಕಾಗಿ ಬದುಕುವುದು. ಅದು ಮುಗಿಯದೆ ಸತ್ತರೆ ಡ್ವಾರ್ಫ್ ಪ್ರೇತವಾಗಿ ಆ ಕೆಲಸದ ಜಾಗದಲ್ಲೇ ಉಳಿಯುತ್ತಾನೆ. ನಮ್ಮ ಟೇಬಲ್‌ನಲ್ಲಿ ಮೊದಲ ಬಾರಿ ಆಡಲು ಬಂದ ಒಬ್ಬರು ಈ ಡ್ವಾರ್ಫ್ ಆರಿಸಿಕೊಂಡರು. ಬೇರೆ ಏನೂ ಓದಿರಲಿಲ್ಲ. ಒಂದು ಪಾಳುಬಿದ್ದ ಹಳ್ಳಿಯಲ್ಲಿ ಬಾವಿ ತೋಡುವುದು ತನ್ನ ಫೋಕಸ್ ಅಂದರು. ನಮಗೆಲ್ಲ ಕತ್ತಿ, ನಿಧಿ, ಸೇಡು. ಅವರಿಗೆ ಬಾವಿ. ಪ್ರತಿ ಸಾಹಸ ಮುಗಿದ ಮೇಲೆ ಆ ಹಳ್ಳಿಗೆ ಹೋಗಿ ನಾಲ್ಕು ಅಡಿ ತೋಡುತ್ತಿದ್ದರು. ಹಳ್ಳಿಗೆ ಒಬ್ಬೊಬ್ಬರಾಗಿ ಜನ ವಾಪಸ್ ಬರತೊಡಗಿದರು.

ಹನ್ನೊಂದನೇ ಸೆಷನ್‌ನಲ್ಲಿ ಆ ಡ್ವಾರ್ಫ್ ಸತ್ತ. ಹಗ್ಗ ತರಲು ಹೋದ ದಾರಿಯಲ್ಲಿ, ಒಂದು ಕೆಟ್ಟ ಡೈಸ್‌ನಿಂದ. ಆಡುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಬಾವಿ ಮುಗಿದಿಲ್ಲ" ಅಂದರು. ಅಷ್ಟೇ. ಮುಂದಿನ ವಾರ ಜಿಎಂ ಆಟ ಶುರು ಮಾಡಿದ್ದು ಹೀಗೆ: ರಾತ್ರಿಯಾದರೆ ಬಾವಿಯೊಳಗಿಂದ ಅಗೆಯುವ ಸದ್ದು ಕೇಳುತ್ತದೆ, ಹಳ್ಳಿಯವರು ಮತ್ತೆ ಗಂಟುಮೂಟೆ ಕಟ್ಟುತ್ತಿದ್ದಾರೆ.

ನಾವು ಯಾವ ನಿಧಿಗೂ ಹೋಗಲಿಲ್ಲ. ನನ್ನ ಮನುಷ್ಯ, ಆ ಎಲ್ಫ್, ಆ ಥ್ರೀ-ಕ್ರೀನ್ ಮೂವರೂ ಬಾವಿಗೆ ಇಳಿದೆವು. ಹಗಲು ನಾವು ಅಗೆಯುತ್ತಿದ್ದೆವು, ರಾತ್ರಿ ಅವನು. ಡ್ವಾರ್ಫ್ ಆಡುತ್ತಿದ್ದವರು ಹೊಸ ಪಾತ್ರದ ಶೀಟ್ ಖಾಲಿ ಇಟ್ಟುಕೊಂಡು ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಮೂರನೇ ರಾತ್ರಿ ಥ್ರೀ-ಕ್ರೀನ್ ಕಾವಲಿಗಿತ್ತು. ಮಣ್ಣು ಒದ್ದೆಯಾಗಿದೆ ಅಂತ ಮೊದಲು ನೋಡಿದ್ದು ಅದೇ. ನಮ್ಮನ್ನು ಎಬ್ಬಿಸಿತು. ಎಲ್ಲರೂ ಬಾವಿಯ ಅಂಚಿಗೆ ಬಂದು ಕಿವಿಗೊಟ್ಟೆವು. ಸದ್ದು ನಿಂತಿತ್ತು.